ನಿಲ್ಲಲು ಜಾಗವಿಲ್ಲದ ಕೋಣೆ

ಡಿಪೋದಲ್ಲಿ ಅವನಿಗೆ ಗಡಿಬಿಡಿ ಎಂದೇ ಹೆಸರು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು, ಆದರೆ ಅದನ್ನು ಕೂಗಿದರೆ ಅವನೇ ತಿರುಗಿ ನೋಡುತ್ತಿರಲಿಲ್ಲ. ಅವನ ತಾಯಿಯ ಪ್ರಕಾರ ಈ ಗುಣ ಹುಟ್ಟಿನಿಂದಲೇ ಬಂದದ್ದು. ತಿಂಗಳು ತುಂಬುವ ಮೊದಲೇ ಭೂಮಿಗೆ ಬಿದ್ದವನು, ತೊಟ್ಟಿಲಲ್ಲಿ ನಿಲ್ಲದವನು, ಅಂಬೆಗಾಲನ್ನು ಅರ್ಧಕ್ಕೆ ಬಿಟ್ಟು ಎದ್ದು ಓಡಿದವನು. ಟೀ ಕೊಟ್ಟರೆ ಆರುವ ತನಕ ಕಾಯದೆ ಬಾಯಿ ಸುಟ್ಟುಕೊಳ್ಳುವವನು. ಕ್ಷೌರದ ಅಂಗಡಿಯಲ್ಲಿ ಒಂದು ಕೆನ್ನೆ ಮುಗಿದ ಕೂಡಲೇ ಕನ್ನಡಿ ನೋಡಿಕೊಂಡು ಇಷ್ಟು ಸಾಕಲ್ಲವೇ ಎಂದು ಕೇಳಿದ್ದನಂತೆ. ಇದು ಅವನ ಕಂಡಕ್ಟರ್ ಕಟ್ಟಿದ ಕತೆಯೂ ಇರಬಹುದು, ಆದರೆ ನಂಬದವರು ಡಿಪೋದಲ್ಲಿ ಯಾರೂ ಇರಲಿಲ್ಲ.

ಅಂಥವನಿಗೆ ಬಸ್ ಓಡಿಸುವ ಕೆಲಸ ಸಿಕ್ಕಿದ್ದು ಅವನ ಪುಣ್ಯ, ಊರಿನವರ ಪುಣ್ಯವೂ ಹೌದು. ಗಾಡಿ ಚಲಿಸುತ್ತಿದ್ದರೆ ಅವನಷ್ಟು ಶಾಂತ ಮನುಷ್ಯ ಇನ್ನೊಬ್ಬನಿಲ್ಲ. ಸುಮ್ಮಸುಮ್ಮನೆ ಹಾರನ್ ಹೊಡೆಯುತ್ತಿರಲಿಲ್ಲ, ಯಾರನ್ನೂ ಬೈಯುತ್ತಿರಲಿಲ್ಲ, ರಸ್ತೆಯಲ್ಲಿ ಗುಂಡಿ ಬಂದರೆ ಮಲಗಿದ ಮಗುವನ್ನು ಎತ್ತಿಕೊಂಡವನ ಹಾಗೆ ಮೆಲ್ಲಗೆ ದಾಟಿಸುತ್ತಿದ್ದ. ತೊಂದರೆಯೆಲ್ಲ ಗಾಡಿ ನಿಂತಾಗ. ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿದ್ದರೆ ಎಡಗಾಲು ಕ್ಲಚ್ಚಿನ ಮೇಲೆ ತಾಳ ಹಾಕತೊಡಗುತ್ತಿತ್ತು. ಕೊನೆಯ ನಿಲ್ದಾಣದಲ್ಲಿ ಉಳಿದ ಡ್ರೈವರುಗಳು ಸೀಟಿಗೆ ಒರಗಿ ಕಣ್ಣು ಮುಚ್ಚಿದರೆ ಇವನು ಬಸ್ಸಿನ ಸುತ್ತ ತಿರುಗುತ್ತ ಟೈರುಗಳನ್ನು ಒದೆಯುತ್ತಿದ್ದ.

ಆ ಎಡಗಾಲನ್ನೇ ಮುರಿದುಕೊಂಡ. ಅಪಘಾತದಲ್ಲಿ ಮುರಿದಿದ್ದರೆ ಹೇಳಿಕೊಳ್ಳಲು ಒಂದು ಮರ್ಯಾದೆಯಾದರೂ ಇರುತ್ತಿತ್ತು. ಡಿಪೋದಲ್ಲಿ ಗಾಡಿ ನಿಲ್ಲಿಸಿ, ಮೆಟ್ಟಿಲ ಮೇಲೆ ಕಾಲಿಡುವಷ್ಟೂ ವ್ಯವಧಾನವಿಲ್ಲದೆ, ಡ್ರೈವರ್ ಬಾಗಿಲಿನಿಂದ ಸೀದಾ ಕೆಳಗೆ ಹಾರಿದ. ಕೆಳಗೆ ಯಾರೋ ಚೆಲ್ಲಿದ ಎಂಜಿನ್ ಆಯಿಲ್ ಇತ್ತು. ಮೊಣಕಾಲ ಕೆಳಗೆ ಮೂಳೆ ಎರಡಾಯಿತು. ಪ್ಲಾಸ್ಟರ್ ಹಾಕಿ ಮಲಗಿಸಿದರೆ, ಅದು ಬಿಚ್ಚುವ ಕಾಲ ಇನ್ನೂ ದೂರ ಇರುವಾಗಲೇ, ನೋವಿಲ್ಲವೆಂದು ಕೋಲೂರಿಕೊಂಡು ಡಿಪೋಗೆ ಹೋಗಿ ಬಂದ. ಕೂಡುತ್ತಿದ್ದ ಮೂಳೆ ಜರುಗಿತು. ಕಾಲು ಕೊಯ್ದು, ಒಳಗೆ ಉಕ್ಕಿನ ಪಟ್ಟಿ ಕೂರಿಸಿ, ತೊಡೆಯವರೆಗೆ ಹೊಸ ಪ್ಲಾಸ್ಟರ್ ಹಾಕಿದ ಡಾಕ್ಟರು ಈ ಸಲ ಅವನ ಹತ್ತಿರ ಮಾತೇ ಆಡಲಿಲ್ಲ, ಅವನ ಹೆಂಡತಿಯನ್ನು ಕರೆದು ಹೇಳಿದರು. ಇನ್ನೊಮ್ಮೆ ಈ ಕಾಲಿನ ಮೇಲೆ ಭಾರ ಬಿದ್ದರೆ ನಡೆಯಲು ಕಾಲು ಉಳಿದೀತು, ಕ್ಲಚ್ ಒತ್ತಲು ಉಳಿಯುವುದಿಲ್ಲ. ಅಂಥವರಿಗೆ ಡಿಪೋ ಗೇಟಿನಲ್ಲಿ ಸ್ಟೂಲ್ ಹಾಕಿ ಕೂರಿಸಿ, ಬರುವ ಹೋಗುವ ಗಾಡಿಗಳ ನಂಬರ್ ಬರೆಯುವ ಕೆಲಸ ಕೊಡುತ್ತಾರಂತೆ. ಗಡಿಬಿಡಿ ಮಂಚದ ಮೇಲಿಂದ ಇದನ್ನೆಲ್ಲ ಕೇಳಿಸಿಕೊಂಡ. ಗೇಟಿನ ಆ ಸ್ಟೂಲನ್ನು ಅವನು ದಿನಾ ನೋಡುತ್ತಿದ್ದ, ಅದರ ಒಂದು ಕಾಲು ಕುಂಟು. ಅವನಿಗೆ ನಿಜವಾಗಿಯೂ ಹೆದರಿಕೆಯಾಯಿತು.

ಹೆದರಿಕೆ ಇದ್ದರೆ ಸಾಲದು, ಕಾಲಿಗೂ ಗೊತ್ತಿರಬೇಕಲ್ಲ. ಮನೆಯ ಮುಂದಿನ ಕೋಣೆಯಲ್ಲಿ ಕಿಟಕಿಯ ಪಕ್ಕ ಅವನ ಮಂಚ. ಕಿಟಕಿಯಾಚೆ ರಸ್ತೆ, ರಸ್ತೆಯಾಚೆ ಬಸ್ ನಿಲ್ದಾಣ. ಹೊಟ್ಟೆ ಹಸಿದವನನ್ನು ಅಡುಗೆಮನೆಯ ಕಂಬಕ್ಕೆ ಕಟ್ಟಿ ಹಾಕಿದ ಹಾಗಿತ್ತು ಅವನ ಪಾಡು. ಗಾಡಿ ಕಾಣುವ ಮೊದಲೇ ಸದ್ದಿನಿಂದ ಯಾವ ಬಸ್, ಯಾರು ಓಡಿಸುತ್ತಿದ್ದಾರೆ, ಯಾರು ಗೇರು ಬದಲಿಸುವಾಗ ಗೇರ್ ಡಬ್ಬಿಯ ಹಲ್ಲು ಕಿತ್ತು ಹಾಕುತ್ತಿದ್ದಾರೆ ಎಂದೆಲ್ಲ ಹೇಳಿ ಒದ್ದಾಡುತ್ತಿದ್ದ. ತಾಯಿ ಅವನ ಊರುಗೋಲುಗಳನ್ನು ತನ್ನ ಮಂಚದ ಕೆಳಗೆ ತಳ್ಳಿ, ಮೇಲೆ ಕೂತು ತರಕಾರಿ ಹೆಚ್ಚುತ್ತಿದ್ದಳು. ಬಚ್ಚಲಿಗೆ ಹೋಗುವಾಗ ಮಾತ್ರ ಕೊಡುವುದು, ಬಂದ ಕೂಡಲೇ ಕಸಿದುಕೊಳ್ಳುವುದು. ಆದರೂ ಒಂದು ದಿನ ಅವಳು ಒಲೆಯ ಹತ್ತಿರ ಹೋಗಿ ಬರುವಷ್ಟರಲ್ಲಿ ಮಗ ಕಿಟಕಿಯ ಸರಳು ಹಿಡಿದು ಒಂಟಿಕಾಲಲ್ಲಿ ನಿಂತು, ರಸ್ತೆಯಲ್ಲಿ ಹೋಗುತ್ತಿದ್ದ ಡ್ರೈವರನಿಗೆ ಎಡಗಡೆ ನೋಡು ಎಂದು ಕೂಗುತ್ತಿದ್ದ. ಸಂಜೆ ಸೊಸೆ ಬಂದ ಕೂಡಲೇ ಅತ್ತೆ ವರದಿ ಒಪ್ಪಿಸಿದಳು. ಅತ್ತೆ ಸೊಸೆ ಒಂದು ಮಾತಿಗೆ ಸೇರುವುದು ಆ ಮನೆಯಲ್ಲಿ ಅಪರೂಪ, ಅವನ ಕಾಲು ಮುರಿದ ಮೇಲೆ ಅದೂ ಸಾಧ್ಯವಾಗಿತ್ತು.

ಹೆಂಡತಿ ಒಬ್ಬ ವಕೀಲರ ಕಚೇರಿಯಲ್ಲಿ ಟೈಪಿಸ್ಟ್. ಕರಾರುಪತ್ರ, ಕ್ರಯಪತ್ರ, ಉಯಿಲು. ಒಂದು ಅಂಕಿ ಆಚೆ ಈಚೆ ಆದರೆ ಒಬ್ಬರ ಗೋಡೆ ಇನ್ನೊಬ್ಬರ ಅಂಗಳಕ್ಕೆ ಬರುವಂಥ ಕಾಗದಗಳು. ತಪ್ಪು ಅಳಿಸುವ ಬಿಳಿ ದ್ರವದ ಸೀಸೆ ಕಚೇರಿಯಲ್ಲಿ ಎಲ್ಲರ ಮೇಜಿನ ಮೇಲೂ ಇತ್ತು, ಅವಳ ಮೇಜಿನ ಮೇಲೆ ಇರಲಿಲ್ಲ. ಅವಳಿಗಿದ್ದ ಜಂಬ ಅದೊಂದೇ, ಆದರೆ ಗಟ್ಟಿಯಾದದ್ದು. ಒಮ್ಮೆ ವಕೀಲರು ಇಲ್ಲಿ ತಪ್ಪಾಗಿದೆಯಲ್ಲಮ್ಮ ಎಂದಾಗ ಅವರ ಕೈಬರಹವನ್ನೇ ತಂದು ಮುಂದಿಟ್ಟು, ತಪ್ಪು ಅವರದೇ ಎಂದು ತೋರಿಸಿ, ಊಟ ಮಾಡದೆ ಮನೆಗೆ ಬಂದಿದ್ದಳು. ಗಂಡನ ಜೊತೆ ಅವಳು ಜಗಳವಾಡುವುದು ಕಡಿಮೆ. ಸುಮ್ಮನಾಗಿಬಿಡುತ್ತಿದ್ದಳು, ಆಗ ಅವನಿಗೆ ಕಸಿವಿಸಿ ಶುರುವಾಗುತ್ತಿತ್ತು. ಆ ಸಂಜೆಯೂ ಸುಮ್ಮನೆ ಸ್ಟೂಲ್ ಹತ್ತಿ ಅಟ್ಟದಿಂದ ಒಂದು ರಟ್ಟಿನ ಪೆಟ್ಟಿಗೆ ಇಳಿಸಿದಳು.

ಅದರೊಳಗೆ ಅವಳ ತಮ್ಮ ಮನೆ ಬದಲಿಸುವಾಗ ಬಿಟ್ಟುಹೋದ ಕಂಪ್ಯೂಟರ್ ಇತ್ತು. ಕಂಪ್ಯೂಟರ್ ಎಂದರೆ ಈಗಿನದಲ್ಲ. ಒಂದು ದಪ್ಪ ಪುಸ್ತಕದಷ್ಟು ಅಗಲದ ಕೀಲಿಮಣೆ, ಅದಕ್ಕೊಂದು ವೈರು, ವೈರನ್ನು ಟಿ.ವಿ.ಗೆ ಸಿಕ್ಕಿಸಿದರೆ ಪರದೆಯ ಮೇಲೆ ಅಕ್ಷರ ಮೂಡುತ್ತಿತ್ತು. ಹಿಂಬದಿಗೆ ಸಾಬೂನಿನಷ್ಟು ದೊಡ್ಡ ಕಪ್ಪು ಡಬ್ಬಿ, ಅದು ಯಂತ್ರದ ನೆನಪು. ಜೊತೆಗೆ ಒಂದು ಹಳೆಯ ಪತ್ರಿಕೆ. ಅಂಗಡಿಗೆ ಹೋಗಿ ಆಟ ಕೊಳ್ಳಲಾಗದವರಿಗಾಗಿ ಅದರಲ್ಲಿ ಆಟವನ್ನೇ ಅಚ್ಚು ಹಾಕಿದ್ದರು, ಪುಟದಿಂದ ಪುಟಕ್ಕೆ ಬರೀ ಅಂಕಿಗಳು. ಅಷ್ಟನ್ನೂ ಒಂದೂ ತಪ್ಪಿಲ್ಲದೆ ಕುಟ್ಟಿದರೆ ಆಟ ಸಿದ್ಧ. ಅವಳ ತಮ್ಮ ಇದನ್ನು ಹಲವು ಬಾರಿ ಕುಟ್ಟಿ ಹಲವು ಬಾರಿ ಸೋತಿದ್ದ. ಅಕ್ಕ ಒಂದು ಭಾನುವಾರ ಕೂತು, ಕಣ್ಣು ಪತ್ರಿಕೆಯ ಮೇಲಿಟ್ಟು, ಬೆರಳನ್ನು ಬೆರಳ ಪಾಡಿಗೆ ಬಿಟ್ಟು, ಮೊದಲ ಸಲಕ್ಕೇ ಮುಗಿಸಿದಳು. ಯಂತ್ರ ಆರಿಸಿದರೆ ಎಲ್ಲ ಮರೆತುಬಿಡುತ್ತದೆ, ಆದ್ದರಿಂದ ಆಟವನ್ನು ಹಾಡಿನ ಕ್ಯಾಸೆಟ್ಟಿಗೆ ಧ್ವನಿಯಾಗಿ ತುಂಬಿಸಿಟ್ಟಳು. ಮತ್ತೆ ಬೇಕಾದಾಗ ಟೇಪ್ ರೆಕಾರ್ಡರಿನಲ್ಲಿ ಹಾಕಿ ಯಂತ್ರಕ್ಕೆ ಕೇಳಿಸಬೇಕು. ಆ ಕೀರಲು ಸದ್ದಿಗೆ ಅತ್ತೆ ಕಿವಿಗೆ ಸೆರಗು ಮುಚ್ಚಿಕೊಂಡಳು.

ಆಟ ಕೇಳಲು ಸರಳ. ಒಂದು ಉಗ್ರಾಣದ ಕೋಣೆ, ಸುತ್ತ ಗೋಡೆ. ಒಳಗೆ ಕೆಲವು ಪೆಟ್ಟಿಗೆಗಳು, ಅವನ್ನು ಇಡಬೇಕಾದ ಜಾಗಗಳಿಗೆ ಚುಕ್ಕೆಯ ಗುರುತು. ಕೆಲಸಗಾರ ಒಬ್ಬನೇ, ಪರದೆಯ ಮೇಲೆ ಅವನೊಂದು ನಕ್ಷತ್ರ. ಪೆಟ್ಟಿಗೆಯ ಹಿಂದೆ ನಿಂತು ಅದನ್ನು ತಳ್ಳಬಹುದು, ಎಳೆಯಲು ಬರುವುದಿಲ್ಲ. ಒಂದು ಸಲಕ್ಕೆ ಒಂದೇ ಪೆಟ್ಟಿಗೆ. ಎಲ್ಲವನ್ನೂ ಚುಕ್ಕೆಯ ಮೇಲೆ ಕೂರಿಸಿದರೆ ಮುಂದಿನ ಕೋಣೆ ತೆರೆಯುತ್ತದೆ.

"ರಿವರ್ಸ್ ಗೇರ್ ಇಲ್ಲದ ಗಾಡಿ," ಎಂದು ಗಡಿಬಿಡಿ ಮೊದಲ ನೋಟಕ್ಕೇ ತೀರ್ಪು ಕೊಟ್ಟ.

ಮೊದಲ ಕೋಣೆಯಲ್ಲೇ ಪೆಟ್ಟಿಗೆಯನ್ನು ಮೂಲೆಗೆ ತಳ್ಳಿ ಕೂತ. ಮೂಲೆಗೆ ಹೋದದ್ದು ಮತ್ತೆ ಬರುವುದಿಲ್ಲ, ಅದರ ಹಿಂದೆ ನಿಲ್ಲಬೇಕಾದ ಕಡೆ ಗೋಡೆ ಇದೆಯಲ್ಲ. ಒಂದು ಕೀಲಿ ಒತ್ತಿ ಮೊದಲಿನಿಂದ ಶುರು ಮಾಡಿದ, ಮತ್ತೆ ಮೂಲೆಗೆ ತಳ್ಳಿದ. ಅವನ ಕ್ರಮವೇ ಹಾಗೆ, ಮೊದಲು ತಳ್ಳುವುದು, ಆಮೇಲೆ ನೋಡುವುದು. ಸಾಲದ್ದಕ್ಕೆ ಆ ಯಂತ್ರಕ್ಕೊಂದು ಕೆಟ್ಟ ಚಾಳಿ ಇತ್ತು. ಹಿಂಬದಿಯ ಕಪ್ಪು ಡಬ್ಬಿ ಸಡಿಲ, ಕೀಲಿಮಣೆ ಸ್ವಲ್ಪ ಅಲುಗಿದರೆ ಸಾಕು, ಪರದೆ ಬೆಳ್ಳಗಾಗಿ ಎಲ್ಲವೂ ಮರೆತುಹೋಗುತ್ತಿತ್ತು. ಗಡಿಬಿಡಿಯ ಮುರಿಯದ ಕಾಲು ಮಂಚದ ಮೇಲೆ ತಾಳ ಹಾಕುತ್ತಲೇ ಇರುತ್ತಿತ್ತು, ಮಂಚಕ್ಕೆ ಅಡ್ಡವಾಗಿಟ್ಟ ಹಲಗೆ ನಡುಗುತ್ತಿತ್ತು, ಆಟ ಹೋಗುತ್ತಿತ್ತು. ಮತ್ತೆ ಟೇಪ್ ಹಾಕು, ಮತ್ತೆ ಆ ಕೀರಲು, ಅರ್ಧ ದಾರಿಯಲ್ಲಿ ಯಂತ್ರ ಸರಿಯಾಗಿ ಕೇಳಿಸಲಿಲ್ಲವೆಂದು ಮುನಿಸಿಕೊಂಡರೆ ಇನ್ನೊಮ್ಮೆ ಹಾಕು. ರೆಕಾರ್ಡರಿನಲ್ಲಿ ಟೇಪ್ ತಾಗುವ ಹೆಡ್ಡನ್ನು ಹತ್ತಿಯಿಂದ ಒರೆಸಿ, ಸದ್ದಿನ ತಿರುಗುಬಟನ್ ಎಲ್ಲಿಗೆ ಬಂದರೆ ಯಂತ್ರಕ್ಕೆ ಒಪ್ಪುತ್ತದೋ ಅಲ್ಲಿ ಹೆಂಡತಿಯ ಉಗುರುಬಣ್ಣದಿಂದ ಒಂದು ಗೀಟು ಹಾಕಿಟ್ಟ. ಕಂಡಕ್ಟರ್ ನೋಡಲು ಬಂದವನು ನೋಟಿನ ಕಟ್ಟಿಗೆ ಹಾಕುವ ರಬ್ಬರುಗಳನ್ನು ಬಿಚ್ಚಿ ಕಪ್ಪು ಡಬ್ಬಿಯನ್ನು ಬಿಗಿದ. ಆದರೂ ಅದು ಪೂರ್ತಿ ಬಗ್ಗಲಿಲ್ಲ. ಕೊನೆಗೆ ಗಡಿಬಿಡಿಯೇ ಬಲಗಾಲನ್ನು ದಿಂಬಿನ ಕೆಳಗೆ ಹೂತು ಕೂರುವುದನ್ನು ಕಲಿತ.

ಹೀಗೆ ಒಂದೊಂದೇ ಕೋಣೆ ದಾಟಿದ. ದಾಟಿದ ಎನ್ನುವುದಕ್ಕಿಂತ ಗುದ್ದಿ ಗುದ್ದಿ ಬಾಗಿಲು ಮುರಿದ ಎನ್ನಬೇಕು. ಆದರೂ ಒಂದು ಮಾತು ಅವನಿಗೆ ಅರ್ಥವಾಯಿತು. ಎಲ್ಲ ಕೋಣೆಯ ಗುಟ್ಟೂ ಸರದಿಯಲ್ಲಿದೆ. ಯಾವುದು ಮೊದಲು ಹೊರಡಬೇಕು, ಯಾವುದು ಕಾಯಬೇಕು. ಇದು ಡಿಪೋದಲ್ಲಿ ಬೆಳಿಗ್ಗೆ ಒಂದರ ಹಿಂದೆ ಒಂದು ನಿಂತ ಬಸ್ಸುಗಳನ್ನು ಹೊರಗೆ ತೆಗೆಯುವ ಹಾಗೆಯೇ. ಆಗುವುದೇ ಇಲ್ಲ ಅನಿಸಿದ ಕೋಣೆಯೂ ಸರದಿ ಬದಲಿಸಿದರೆ ಬಾಯಿ ಬಿಡುತ್ತಿತ್ತು. ತಾಯಿಯೂ ಬೀನ್ಸ್ ಮುರಿಯುತ್ತ ಸಲಹೆ ಕೊಡುವಷ್ಟು ಪಳಗಿದಳು. ಹೊರಗೆ ಬಸ್ಸುಗಳು ಹೋಗುವ ಸದ್ದು ಅವನಿಗೆ ಕೆಲವು ಸಲ ಕೇಳಿಸುತ್ತಲೇ ಇರಲಿಲ್ಲ.

ಆದರೆ ಅವನ ವೇಗ ಹೆಂಡತಿಯ ಅಂದಾಜಿಗಿಂತ ಹೆಚ್ಚಾಯಿತು. ಪ್ಲಾಸ್ಟರ್ ಬಿಚ್ಚಲು ಇನ್ನೂ ಬಹಳ ಕಾಲವಿತ್ತು, ಆಟದಲ್ಲಿ ಉಳಿದದ್ದು ಬೆರಳೆಣಿಕೆಯ ಕೋಣೆ. ಊಟಕ್ಕೆ ಕೂತಾಗ ಅವನು ಖುಷಿಯಲ್ಲೇ ಹೇಳಿದ, ಇದೊಂದು ಮುಗಿಯಲಿ, ಆಮೇಲೆ ಸುಮ್ಮನೆ ಬಾಗಿಲ ತನಕ ಹೆಜ್ಜೆ ಹಾಕಿ ನೋಡುತ್ತೇನೆ, ನೋವೇ ಇಲ್ಲ. ಹೆಂಡತಿ ಅವನ ತಟ್ಟೆಗೆ ಇನ್ನೊಂದು ಸೌಟು ಅನ್ನ ಬಡಿಸಿದಳು. ಊಟವಾದ ಮೇಲೆ ಟೇಪ್ ಸವೆದಿದೆ, ಇನ್ನೊಂದು ಕ್ಯಾಸೆಟ್ಟಿಗೆ ತುಂಬಿಸಿಡುತ್ತೇನೆ ಎಂದು ಕೀಲಿಮಣೆಯನ್ನು ತನ್ನ ಕಡೆ ತಿರುಗಿಸಿಕೊಂಡು ಸ್ವಲ್ಪ ಹೊತ್ತು ಕೂತಳು. ಹಳೆಯ ಕ್ಯಾಸೆಟ್ಟನ್ನು ತನ್ನ ಚೀಲಕ್ಕೆ ಹಾಕಿಕೊಂಡಳು.

ಕೊನೆಯ ಕೋಣೆ ಬಂತು. ದೊಡ್ಡ ಕೋಣೆ, ಅಲ್ಲಲ್ಲಿ ಕಂಬದಂಥ ಗೋಡೆಗಳು, ಎಡಭಾಗದಲ್ಲಿ ಒಂದು ಕಿರಿದಾದ ಓಣಿ. ಓಣಿಯ ತುದಿಯಲ್ಲಿ ಮೇಲುಗಡೆಗೆ ಗೋಡೆಯೊಳಗೊಂದು ಗೂಡು, ಗೂಡಿನೊಳಗೆ ಒಂದು ಚುಕ್ಕೆ. ಉಳಿದ ಪೆಟ್ಟಿಗೆಗಳೆಲ್ಲ ಜಾಗ ಸೇರುತ್ತಿದ್ದವು, ಒಂದು ಮಾತ್ರ ಉಳಿಯುತ್ತಿತ್ತು. ಓಣಿಯೊಳಗೆ ತಳ್ಳಿಕೊಂಡು ಹೋದರೆ ಗೂಡಿನ ಬಾಯಿಯ ತನಕ ಹೋಗುತ್ತಿತ್ತು, ಒಳಗೆ ಹೋಗುತ್ತಿರಲಿಲ್ಲ. ಸರದಿ ತಪ್ಪಿದೆ ಎಂದುಕೊಂಡು ಬೇರೆ ಪೆಟ್ಟಿಗೆಯಿಂದ ಶುರು ಮಾಡಿದ. ಆಗಲೂ ಒಂದು ಉಳಿಯಿತು. ದಿನ ಹೋಯಿತು, ವಾರ ಹೋಯಿತು. ಬೆಳಿಗ್ಗೆ ಹಲ್ಲುಜ್ಜುವಾಗ ಹೊಸ ಸರದಿ ಹೊಳೆಯುವುದು, ಮಧ್ಯಾಹ್ನಕ್ಕೆ ಅದೂ ಹಳಸುವುದು. ಅನ್ನ ಕಲಸುತ್ತ ತಟ್ಟೆಯ ಮೇಲೆ ಬೆರಳಿನಿಂದ ದಾರಿ ಎಳೆಯುತ್ತಿದ್ದ. ಸಿಟ್ಟು ಬಂದು ಕೀಲಿಮಣೆಯನ್ನು ಗುದ್ದುವುದು, ಅದು ಎಲ್ಲ ಮರೆಯುವುದು, ಮತ್ತೆ ಕೀರಲು. ಕೋಣೆಯೇ ಸರಿಯಿಲ್ಲ ಎಂದು ಒಂದು ದಿನ ಕೈಚೆಲ್ಲಿದ.

ತಾಯಿ ಮುಖ ಎತ್ತದೆ ಹೇಳಿದಳು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

ಹೆಂಡತಿಯನ್ನು ಕೇಳಿದರೆ ಅವಳದು ಯಾವಾಗಲೂ ಒಂದೇ ಉತ್ತರ. ಒತ್ತೋದು ಬಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತು ನೋಡಿ.

ಅಷ್ಟರಲ್ಲಿ ಕಂಡಕ್ಟರ್ ಒಂದು ಸುದ್ದಿ ತಂದ. ಡಿಪೋಗೆ ಹೊಸ ಬಸ್ ಬಂದಿದೆ, ಇವರ ದಾರಿಗೇ ಅಂತೆ. ಯಾರಿಗೆ ಕೊಡುವುದೆಂದು ಮ್ಯಾನೇಜರು ಮರುದಿನ ಬೆಳಿಗ್ಗೆ ನಿರ್ಧರಿಸುತ್ತಾರೆ. ದೊಡ್ಡ ಮೀಸೆಯ ಡ್ರೈವರ್ ಈಗಾಗಲೇ ಅವರ ಕೋಣೆಯ ಸುತ್ತ ಗಿರಕಿ ಹೊಡೆಯುತ್ತಿದ್ದಾನೆ. ಕಂಡಕ್ಟರ್ ಇದನ್ನು ಹೇಳಬಾರದಿತ್ತು, ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಗಡಿಬಿಡಿಗೆ ಮೈಯೆಲ್ಲ ಇರುವೆ ಬಿಟ್ಟ ಹಾಗಾಯಿತು. ಒಂದೇ ಒಂದು ಸಲ ಹೋಗಿ ಮ್ಯಾನೇಜರ ಎದುರು ನೆಟ್ಟಗೆ ನಿಂತುಬಿಟ್ಟರೆ ಸಾಕು, ಹೊಸ ಗಾಡಿ ತನ್ನದು. ಹೆಂಡತಿ ಕಚೇರಿಗೆ ಹೋಗಿರುತ್ತಾಳೆ. ತಾಯಿ ತರಕಾರಿಗೆ ಹೋಗುವ ಹೊತ್ತಿಗೆ ಬಸ್ ಕಿಟಕಿಯ ಮುಂದೆ ನಿಲ್ಲಿಸು ಎಂದು ಕಂಡಕ್ಟರನ ಕೈ ಹಿಡಿದು ಕೇಳಿದ. ಅವನು ಬೇಡ ಗುರು, ಬೇಡ ಗುರು ಎನ್ನುತ್ತಲೇ ಒಪ್ಪಿದ.

ಮರುದಿನ ಬೆಳಿಗ್ಗೆ ತಾಯಿ ಚೀಲ ಹಿಡಿದು ಹೊರಟಳು. ಅನುಮಾನ ಬಾರದಿರಲೆಂದು ಗಡಿಬಿಡಿ ಆಟ ಆಡುತ್ತಿರುವವನ ಹಾಗೆ ಕೂತಿದ್ದ, ಆಡಿಯೂ ಆಡಿದ್ದ, ಎಂದಿನಂತೆ ಒಂದು ಪೆಟ್ಟಿಗೆ ಗೂಡಿನ ಬಾಯಲ್ಲಿ ಸಿಕ್ಕಿಕೊಂಡಿತ್ತು. ಬಾಗಿಲು ಮುಚ್ಚಿದ ಕೂಡಲೇ ಕೊಡೆಯ ಬಾಗಿದ ಹಿಡಿಯನ್ನು ತಾಯಿಯ ಮಂಚದ ಕೆಳಕ್ಕೆ ಚಾಚಿ ಊರುಗೋಲುಗಳನ್ನು ಎಳೆದುಕೊಂಡ. ಕಿಟಕಿಯಾಚೆ ಬಸ್ ಬಂದು ನಿಂತು ಒಮ್ಮೆ ಹಾರನ್ ಹೊಡೆಯಿತು. ಅವನಿಗೆ ಆ ಹಾರನ್ ಸದ್ದಿಗೆ ಕಣ್ಣಲ್ಲಿ ನೀರು ಬಂತು. ಹಲಗೆಯನ್ನು ಪಕ್ಕಕ್ಕೆ ಸರಿಸುವಷ್ಟು ತಾಳ್ಮೆ ಎಲ್ಲಿ, ಅದನ್ನು ದಾಟಿಕೊಂಡೇ ಎದ್ದ. ಒಂದು ಊರುಗೋಲು ನೆಲದ ಮೇಲೆ ಜಾರಿತು.

ಇಡೀ ಮೈ ಎಡಕ್ಕೆ ವಾಲಿತು. ಎಡಗಾಲು ತಾನಾಗಿಯೇ ನೆಲ ಹುಡುಕಿಕೊಂಡು ಮುಂದೆ ಚಾಚಿತು. ಗಡಿಬಿಡಿ ಕಿಟಕಿಯ ಸರಳಿಗೆ ಎರಡೂ ಕೈಯಿಂದ ಜೋತುಬಿದ್ದ. ಪ್ಲಾಸ್ಟರಿನ ತುದಿ ನೆಲವನ್ನು ಮುಟ್ಟಿತೋ ಮುಟ್ಟಲಿಲ್ಲವೋ, ಅವನು ಉಸಿರು ಬಿಗಿಹಿಡಿದು ನೋವು ಬರುವುದನ್ನೇ ಕಾದ. ಬರಲಿಲ್ಲ. ಇಂಚಿಂಚಾಗಿ ಮಂಚದ ಮೇಲೆ ಕುಸಿದ. ಮೈ ಬೆವರಿನಿಂದ ಒದ್ದೆಯಾಗಿತ್ತು, ಕುಂಟು ಸ್ಟೂಲ್ ಮತ್ತೆ ಕಣ್ಣ ಮುಂದೆ ಬಂದಿತ್ತು. ಹೊರಗೆ ಬಸ್ ಇನ್ನೊಮ್ಮೆ ಹಾರನ್ ಹೊಡೆಯಿತು, ಕಾಯಿತು, ಕೊನೆಗೆ ಹೊರಟುಹೋಯಿತು. ಅವನು ಏಳಲಿಲ್ಲ.

ಅವನ ಮೊಣಕೈ ತಗುಲಿ ಹಲಗೆ ಅಲುಗಿತ್ತು. ಆದರೆ ಈ ಸಲ ಪರದೆ ಬೆಳ್ಳಗಾಗಿರಲಿಲ್ಲ. ಚಿತ್ರ ಹಾಗೇ ಹೆಪ್ಪುಗಟ್ಟಿ ನಿಂತಿತ್ತು. ಯಾವ ಕೀಲಿ ಒತ್ತಿದರೂ ನಕ್ಷತ್ರ ಕದಲಲಿಲ್ಲ. ಆರಿಸಿ ಹಾಕೋಣವೆಂದರೆ ಪ್ಲಗ್ಗು ಟಿ.ವಿ.ಯ ಹಿಂದೆ, ಎದ್ದು ಹೋಗಬೇಕು. ಎದ್ದು ಹೋಗುವ ಮಾತು ಇನ್ನು ಅವನ ಬಾಯಿಂದ ಬರುವಂತಿರಲಿಲ್ಲ. ಮಾಡಲು ಏನೂ ಇಲ್ಲದೆ ಸುಮ್ಮನೆ ಪರದೆಯನ್ನು ನೋಡುತ್ತ ಕೂತ.

ಗೂಡಿನ ಬಾಯಲ್ಲಿ ಪೆಟ್ಟಿಗೆ. ಅದು ಮೇಲಕ್ಕೆ ಹೋಗಬೇಕು. ಮೇಲಕ್ಕೆ ಹೋಗಬೇಕಾದರೆ ಯಾರಾದರೂ ಕೆಳಗೆ ನಿಂತು ತಳ್ಳಬೇಕು. ಕೆಳಗೆ ಗೋಡೆ ಇದೆ. ಆ ಪೆಟ್ಟಿಗೆಯಲ್ಲ, ಯಾವ ಪೆಟ್ಟಿಗೆ ಬಂದರೂ, ಯಾವ ಸರದಿಯಲ್ಲಿ ಬಂದರೂ, ಗೂಡಿಗೆ ಬೇರೆ ಬಾಯಿಲ್ಲ, ತಳ್ಳುವವನಿಗೆ ಅಲ್ಲಿ ನಿಲ್ಲಲು ಜಾಗವೇ ಇಲ್ಲ. ಬಸ್ಸನ್ನು ಷೆಡ್ಡಿಗೆ ತಿರುಗಿಸಬೇಕಾದ ಕಡೆ ಎದುರಿಗೇ ಗೋಡೆ ಕಟ್ಟಿದ ಹಾಗೆ. ಅವನು ಇಷ್ಟು ವಾರ ಪೆಟ್ಟಿಗೆಗಳನ್ನು ನೋಡಿದ್ದ, ದಾರಿಗಳನ್ನು ನೋಡಿದ್ದ. ಬರಿದಾಗಿ ಇರಬೇಕಾದ ಜಾಗವನ್ನು ಒಮ್ಮೆಯೂ ನೋಡಿರಲಿಲ್ಲ. ಇನ್ನೊಮ್ಮೆ ನೋಡಿದ, ಮತ್ತೊಮ್ಮೆ ನೋಡಿದ. ತಾಯಿ ಬಂದಾಗ ಊರುಗೋಲುಗಳು ನೆಲದ ಮೇಲೆ ಬಿದ್ದಿದ್ದವು, ಮಗ ಮಂಚದ ಮೇಲೆ ಅಲುಗದೆ ಕೂತಿದ್ದ. ಅವನು ಅಲುಗದೆ ಕೂತದ್ದನ್ನು ನೋಡಿ ಅವಳಿಗೆ ಇನ್ನೂ ಗಾಬರಿಯಾಯಿತು.

"ಅಮ್ಮ, ನೆಲವೇ ಡೊಂಕು," ಎಂದ ಅವನು.

ಅವಳು ಚೀಲ ಕೆಳಗಿಟ್ಟು, ಯಾರೂ ಏನೂ ಕೇಳದೆಯೇ, ತನಗೆ ಏನೂ ಗೊತ್ತಿಲ್ಲವೆಂದು ಹೇಳಿ ಅಡುಗೆಮನೆಗೆ ಹೋದಳು.

ಸಂಜೆಯ ತನಕ ಅವನು ಕಾದ. ಹೊಸ ಬಸ್ಸಿನ ಸಂಕಟವೂ ಒಳಗೆ ಕೊರೆಯುತ್ತಿತ್ತು, ಆದರೆ ಅದರ ಮೇಲೆ ಇನ್ನೊಂದು ಖುಷಿ ಕುಣಿಯುತ್ತಿತ್ತು. ಮದುವೆಯಾದಂದಿನಿಂದ ಹೆಂಡತಿಯದೊಂದು ತಪ್ಪೂ ಕೈಗೆ ಸಿಕ್ಕಿರಲಿಲ್ಲ, ಇವತ್ತು ಸಿಕ್ಕಿತ್ತು. ತಪ್ಪಿಲ್ಲದೆ ಕುಟ್ಟುವ ಮಹಾರಾಣಿ ಎಲ್ಲೋ ಒಂದು ಅಂಕಿ ತಪ್ಪು ಕುಟ್ಟಿದ್ದಾಳೆ, ಇರಬಾರದ ಕಡೆ ಗೋಡೆ ಎದ್ದಿದೆ. ಅವಳು ಚಪ್ಪಲಿ ಬಿಡುತ್ತಿದ್ದ ಹಾಗೆಯೇ ಬೆರಳು ತೋರಿಸಿ ಎಲ್ಲವನ್ನೂ ವಿವರಿಸಿದ. ಪತ್ರಿಕೆ ತರುತ್ತಾಳೆ, ಅಂಕಿಯ ಮೇಲೆ ಬೆರಳಿಟ್ಟು ವಾದ ಮಾಡುತ್ತಾಳೆ ಎಂದು ಬೆನ್ನು ನೆಟ್ಟಗೆ ಮಾಡಿಕೊಂಡು ಕೂತ.

ಅವಳು ಪರದೆಯನ್ನು ಒಮ್ಮೆ ನೋಡಿದಳು. "ಹೌದು. ತಪ್ಪಾಗಿದೆ," ಎಂದು ಮುಖ ತೊಳೆಯಲು ಹೊರಟಳು.

ಗಡಿಬಿಡಿಯ ಖುಷಿ ಅಲ್ಲೇ ಇಳಿದುಹೋಯಿತು. ವಕೀಲರ ಎದುರು ಕಾಗದ ಬಡಿದವಳು, ಪತ್ರಿಕೆಯನ್ನು ತೆರೆದು ನೋಡದೆ ತಪ್ಪು ಒಪ್ಪಿಕೊಳ್ಳುವವಳಲ್ಲ. ಹಳೆಯ ಕ್ಯಾಸೆಟ್ ಅವಳ ಚೀಲ ಸೇರಿದ ಸಂಜೆ ನೆನಪಾಯಿತು. ಬಾಗಿಲ ತನಕ ಹೆಜ್ಜೆ ಹಾಕಿ ನೋಡುತ್ತೇನೆ ಎಂದ ತನ್ನ ಮಾತೂ ನೆನಪಾಯಿತು.

"ಬೇಕಂತ ಮಾಡಿದ್ಯಾ?"

ಅವಳು ಬಾಗಿಲಲ್ಲೇ ನಿಂತಳು, ತಿರುಗಲಿಲ್ಲ. "ಒಂದೇ ಒಂದು ಅಂಕಿ ಬದಲಾಯಿಸಿದೆ."

ಅವನಿಗೆ ಸಿಟ್ಟು ನೆತ್ತಿಗೇರಿತು. ಅವಮಾನವೂ ಆಯಿತು. ತಟ್ಟೆಯ ಮೇಲೆ ಬೆರಳಿನಿಂದ ಗೆರೆ ಎಳೆದದ್ದನ್ನೆಲ್ಲ ಅವಳು ಎದುರಿಗೆ ಕೂತು ನೋಡಿದ್ದಳಲ್ಲ. "ಇಷ್ಟು ದಿನ ನನ್ನನ್ನ ಕೋತಿ ಥರ ಕುಣಿಸಿದೆ," ಎಂದ.

"ಕುಣಿಸಲಿಲ್ಲ, ಕೂರಿಸಿದೆ. ಸುಮ್ಮನೆ ಕೂತು ನೋಡಿದ ದಿನ ನಿಮಗೆ ಗೊತ್ತಾಗತ್ತೆ ಅಂತ ಗೊತ್ತಿತ್ತು. ಆ ದಿನ ಇಷ್ಟು ಬೇಗ ಬರಲ್ಲ ಅಂತ ಅಂದುಕೊಂಡಿದ್ದೆ."

ಬೆಳಿಗ್ಗೆಯದನ್ನು ಅವನು ಮುಚ್ಚಿಡಬಹುದಿತ್ತು, ತಾಯಿ ಇನ್ನೂ ಬಾಯಿ ಬಿಟ್ಟಿರಲಿಲ್ಲ. ಆದರೂ ಬೆಳಿಗ್ಗೆ ಎದ್ದದ್ದು, ಊರುಗೋಲು ಜಾರಿದ್ದು, ಸರಳಿಗೆ ಜೋತುಬಿದ್ದದ್ದು, ಬಸ್ ಹೊರಟುಹೋದದ್ದು, ಎಲ್ಲ ಅವನ ಬಾಯಿಂದ ತಾನಾಗಿ ಹೊರಬಂತು. ಹೇಳುತ್ತ ಹೇಳುತ್ತ ದನಿ ಸಣ್ಣದಾಯಿತು. ಅವಳು ಬಂದು ಮಂಚದ ಅಂಚಿನಲ್ಲಿ ಕೂತಳು, ಪ್ಲಾಸ್ಟರಿನ ಮೇಲೆ ಕೈಯಿಟ್ಟು ಒಳಗೆ ಏನಾಗಿದೆಯೆಂದು ಕೇಳಿಸಿಕೊಳ್ಳುವವಳ ಹಾಗೆ ತಲೆ ತಗ್ಗಿಸಿದಳು. ಅತ್ತೆಯ ಎದುರು ಎಂದೂ ಅಳದವಳು ಬಿಕ್ಕಿಬಿಕ್ಕಿ ಅತ್ತಳು.

"ಗೇಟಲ್ಲಿ ಸ್ಟೂಲ್ ಮೇಲೆ ಕೂತು ನೀವು ಸಂಬಳ ತರಬಹುದು ರೀ," ಎಂದಳು. "ದಿನಾ ಸಂಜೆ ಆ ಮುಖ ಮನೇಲಿ ನೋಡೋ ಶಕ್ತಿ ನನಗಿಲ್ಲ."

ಸ್ವಲ್ಪ ಹೊತ್ತಿನ ಮೇಲೆ ಕಣ್ಣೊರೆಸಿಕೊಂಡು, ಗುಟ್ಟು ಬಯಲಾಯಿತಲ್ಲ, ಗೋಡೆ ತೆಗೆದುಬಿಡಲೇ ಎಂದು ಕೇಳಿದಳು. ಒಂದು ಅಂಕಿಯ ಕೆಲಸ, ಈಗಲೇ ಆಗುತ್ತದೆ. ಗಡಿಬಿಡಿ ಪರದೆಯ ಕಡೆ ನೋಡಿದ, ಕಿಟಕಿಯ ಕಡೆ ನೋಡಿದ.

"ಬೇಡ," ಎಂದ. "ಪ್ಲಾಸ್ಟರ್ ಬಿಚ್ಚೋ ತನಕ ಇರಲಿ."

ಆಮೇಲಿನ ದಿನಗಳಲ್ಲಿ ಚಡಪಡಿಸುವ ಸರದಿ ಅವಳದಾಯಿತು. ತನ್ನ ಕೈಯಿಂದ ಹೋದ ಒಂದು ತಪ್ಪು ಅಲ್ಲಿ ಕೂತಿದೆ, ಅದು ಬೇಕೆಂದೇ ಮಾಡಿದ ತಪ್ಪು ಎಂದು ಸಮಾಧಾನ ಮಾಡಿಕೊಂಡರೂ ಬೆರಳು ಕೇಳುತ್ತಿರಲಿಲ್ಲ. ಕಚೇರಿಯಿಂದ ಬಂದ ಕೂಡಲೇ ಕಣ್ಣು ಆ ಗೋಡೆಗೇ ಹೋಗುತ್ತಿತ್ತು. ಗಡಿಬಿಡಿ ಮಾತ್ರ ಬೆಳಿಗ್ಗೆ ಟೇಪ್ ಹಾಕಿಸಿಕೊಂಡು, ಬಲಗಾಲನ್ನು ದಿಂಬಿನ ಕೆಳಗೆ ಸೇರಿಸಿ, ಆಗುವುದಿಲ್ಲವೆಂದು ಗೊತ್ತಿದ್ದೂ ಆ ಕೋಣೆಯ ಪೆಟ್ಟಿಗೆಗಳನ್ನು ತಳ್ಳುತ್ತ ಕೂರುತ್ತಿದ್ದ. ಶಾಂತನಾದ ಎಂದರೆ ಸುಳ್ಳಾದೀತು. ಬೈಯುತ್ತಿದ್ದ, ಮಗ್ಗುಲು ಬದಲಿಸುತ್ತಿದ್ದ, ಹೊಸ ಬಸ್ ಮೊದಲ ಸಲ ಕಿಟಕಿಯ ಮುಂದೆ ಹೋದಾಗ ಸ್ಟೀರಿಂಗಿನ ಹಿಂದೆ ಕಂಡ ದೊಡ್ಡ ಮೀಸೆಯನ್ನು ನೋಡಿ ಊಟ ಬಿಟ್ಟಿದ್ದ. ಆದರೆ ಊರುಗೋಲುಗಳು ಈಗ ಗೋಡೆಗೆ ಒರಗಿ ಅವನ ಕೈಗೆಟುಕುವಲ್ಲೇ ಇರುತ್ತಿದ್ದವು. ತಾಯಿ ಅವನ್ನು ಬಚ್ಚಿಡುವುದನ್ನು ಬಿಟ್ಟಿದ್ದಳು.

ಪ್ಲಾಸ್ಟರ್ ಬಿಚ್ಚಿದಾಗ ಕಾಲು ಕಡ್ಡಿಯಾಗಿತ್ತು, ಆದರೆ ಮೂಳೆ ನೆಟ್ಟಗೆ ಕೂಡಿತ್ತು. ಡಾಕ್ಟರು ತಮ್ಮ ಅಂಗೈಯನ್ನು ಅವನ ಪಾದಕ್ಕೆ ಒಡ್ಡಿ, ಒತ್ತು ಎಂದರು. ಅವನು ಒತ್ತಿದ. ಕಾಲು ಕೊಯ್ದ ಮೇಲೆ ಅವರು ಮೊದಲ ಬಾರಿಗೆ ಅವನ ಮುಖ ನೋಡಿ ಮಾತಾಡಿದರು. ಕಾಲಿಗೆ ಕಸುವು ಬರಲು ಇನ್ನಷ್ಟು ದಿನ ಹಿಡಿಯಿತು. ಕೊನೆಗೆ ಡಿಪೋದಿಂದ ಕರೆ ಬಂತು. ಹೊಸದಲ್ಲ, ಅವನ ಹಳೆಯ ಗಾಡಿಯೇ.

ಕೆಲಸಕ್ಕೆ ಮರಳುವ ಬೆಳಿಗ್ಗೆ ಕಂಡಕ್ಟರ್ ಕರೆದೊಯ್ಯಲು ಬಂದಾಗ ಗಡಿಬಿಡಿ ಖಾಕಿ ಬಟ್ಟೆ ಹಾಕಿಕೊಂಡು ತಯಾರಾಗಿ, ಮಂಚದ ಮೇಲೆ ಕೂತಿದ್ದ. ಪಕ್ಕದಲ್ಲಿ ಹೆಂಡತಿ ಕೀಲಿಮಣೆಯನ್ನು ತನ್ನ ಕಡೆ ತಿರುಗಿಸಿಕೊಂಡು ಒಂದು ಅಂಕಿಯನ್ನು ಅಳಿಸಿ ಇನ್ನೊಂದನ್ನು ಕುಟ್ಟಿದಳು, ಕುಟ್ಟಿದ ಮೇಲೆ ಅವಳ ಎದೆಯಿಂದ ಒಂದು ದೊಡ್ಡ ಉಸಿರು ಹೊರಬಂತು. ಪರದೆಯ ಮೇಲೆ ಗೂಡಿನ ಕೆಳಗಿದ್ದ ಗೋಡೆ ಮಾಯವಾಗಿ ಒಂದು ಖಾಲಿ ಚೌಕ ಕಂಡಿತು. ಅವನು ಹಲಗೆ ಎಳೆದುಕೊಂಡು ಒಂದೊಂದೇ ಪೆಟ್ಟಿಗೆಯನ್ನು ಮನೆ ಸೇರಿಸಿದ. ಆ ದಾರಿಗಳೆಲ್ಲ ಅವನಿಗೆ ಬಾಯಿಪಾಠ. ಕೊನೆಯ ಪೆಟ್ಟಿಗೆಯನ್ನು ಓಣಿಯ ತುದಿಗೆ ತಂದು, ನಕ್ಷತ್ರವನ್ನು ಸುತ್ತು ಬಳಸಿ ತಂದು, ಆ ಖಾಲಿ ಚೌಕದಲ್ಲಿ ನಿಲ್ಲಿಸಿದ.

"ಗುರು, ಟೈಮ್ ಆಯ್ತು," ಎಂದು ಕಂಡಕ್ಟರ್ ಬಾಗಿಲಿನಿಂದ ಹೇಳಿದ.

"ಸ್ವಲ್ಪ ತಡಿ," ಎಂದ ಗಡಿಬಿಡಿ.

ತಾಯಿ ಅಡುಗೆಮನೆಯಿಂದ ಇಣುಕಿ ನೋಡಿದಳು. ಆ ಮಾತನ್ನು ಅವಳು ಅವನ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಅವನು ಕೋಣೆಯನ್ನು ಒಂದು ಸುತ್ತು ಪೂರ್ತಿಯಾಗಿ ನೋಡಿದ, ಆಮೇಲೆ ಕೀಲಿ ಒತ್ತಿದ. ಪೆಟ್ಟಿಗೆ ಗೂಡಿನೊಳಗೆ ಹೋಗಿ ಕೂತಿತು. ಹೆಂಡತಿ ಪ್ಲಗ್ಗು ತೆಗೆದಳು, ಅವನು ಎಡಗಾಲಿನ ಬೂಟು ಮೊದಲು ಹಾಕಿಕೊಂಡು ಲೇಸು ಕಟ್ಟಿಕೊಂಡ.